ಅಗಸಿಗೆ ಜಾಲಿಕಂಟಿ ಹಾಕಿದ ಬೇಸಿಗೆ

ಆಗ ಜತ್ತ ಅಂದರೆ ಎರಡು ಅಗಸಿಗಳ, ಎರಡು ಊರಬಾಗಿಲುಗಳ ನಡುವಿನ ಊರು. ಬಜಾರದ ಅಗಸಿಯಿಂದ ಒಳಗೆ ಬಂದವರು ಹಳ್ಳದ ಅಗಸಿಯಿಂದ ಹೊರಬಿದ್ದರೆ ಊರು ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಹಳ್ಳ, ಹಳ್ಳದಾಚೆ ಹೊಲ, ಹೊಲದಾಚೆ ಮಡ್ಡಿ. ನನ್ನ ವಯಸ್ಸಿನವರೆಲ್ಲ ಹೀಗೆ ಮುಗಿಯುವ ಊರುಗಳನ್ನು ನೋಡಿದವರೇ. ಊರಿನ ಕೊನೆಯ ಮನೆ ಯಾವುದು ಅಂತ ಕೇಳಿದರೆ ಚಿಕ್ಕ ಹುಡುಗರೂ ಕೈಮಾಡಿ ತೋರಿಸುತ್ತಿದ್ದರು. ಹಳ್ಳದ ಕಡೆಯ ಆ ಕೊನೆಯ ಮನೆ ನಮ್ಮದು.

ಹಳ್ಳದ ಆಚೆ ದಂಡೆಗೆ ನಮ್ಮದೊಂದು ಹೊಲ ಇತ್ತು. ಅಗಲ ಕಡಿಮೆ, ಉದ್ದ ಬಹಳ. ಅದಕ್ಕೆ ಹಳ್ಳದ ಪಟ್ಟಿ ಅನ್ನುತ್ತಿದ್ದರು. ಜೋಳ ಹಾಲುಗಾಳಾದಾಗ ಅಲ್ಲೇ ಕುಳ್ಳಿನ ಕೆಂಡದ ಮೇಲೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುತ್ತಿದ್ದೆವು. ಜತೆಗೆ ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ. ಬೇಸಿಗೆಯಲ್ಲಿ ಹಳ್ಳ ಒಣಗುತ್ತಿತ್ತು. ಆದರೂ ಉಸುಕನ್ನು ಮೊಣಕೈ ಆಳಕ್ಕೆ ತೋಡಿದರೆ ತಣ್ಣಗೆ ನೀರು ಒಸರುತ್ತಿತ್ತು. ಆ ವರತಿಯ ಸುತ್ತ ಕುಳಿತು ನಾವು ಹುಡುಗಿಯರು ಗಜಗ ಆಡುತ್ತಿದ್ದೆವು.

ಹಳ್ಳದ ಉಸುಕಿನೊಳಗಿನ ಆ ನೀರೇ ಅಗಸಿಯ ಒಳಗಿದ್ದ ಸೀನೀರ ಬಾವಿಗೆ ಬಂದು ಸೇರುತ್ತಿತ್ತು. ಉಳಿದ ಬಾವಿಗಳ ನೀರು ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕುಡಿಯಲು, ಅಡಿಗೆಗೆ ಇಡೀ ಊರು ಸೀನೀರ ಬಾವಿಗೇ ಬರುತ್ತಿತ್ತು. ನಸುಕಿನಲ್ಲಿ ಅದರ ಗಡಗಡಿ ತಿರುಗುವ ಸದ್ದಿಗೇ ನನಗೆ ಎಚ್ಚರ.

ಮನೆಯಲ್ಲಿ ನಡೆಯುತ್ತಿದ್ದುದು ಕಾಕಾನ ಮಾತು. ಕಾಕಾ ಅಂದರೆ ಅಪ್ಪನ ತಮ್ಮ. ನಾನು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ವಾಂತಿಭೇದಿಯಲ್ಲಿ ಹೋದ ಅನ್ನುವುದಷ್ಟೇ ನನಗೆ ಗೊತ್ತಿತ್ತು. ಅವ್ವ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಮೈದುನನ ಮನೆಯಲ್ಲಿ ಇದ್ದುಕೊಂಡು, ತಲೆಯ ಮೇಲಿನ ಸೆರಗು ಜಾರದಂತೆ, ರೊಟ್ಟಿ ಬಡಿಯುವುದು, ಸೆಗಣಿ ಬಳಿಯುವುದು, ನೀರು ತರುವುದು ಇಷ್ಟರಲ್ಲೇ ದಿನ ಕಳೆಯುತ್ತಿದ್ದಳು. ಕಾಕಾ ಕೆಟ್ಟವನಲ್ಲ. ತನ್ನ ಮಕ್ಕಳಿಗೆ ಅಂಗಿ ಹೊಲಿಸಿದಾಗ ನನಗೂ ಪರಕಾರ ಹೊಲಿಸುತ್ತಿದ್ದ. ಆದರೆ ಅವ್ವನನ್ನು ಕೇಳಿ ಮಾಡಬೇಕಾದ ಕೆಲಸವೊಂದಿದೆ ಅಂತ ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ, ಅಷ್ಟೆ.

ಸಂಸ್ಥಾನ ಹೋಗಿ ಸರಕಾರ ಬಂದಿತು. ಅದರ ಹಿಂದೆಯೇ ಮಾಮಲೇದಾರ ಕಚೇರಿಗೆ ಹೊಸ ಕಾರಕೂನರು, ಸಾಲಿಗೆ ಹೊಸ ಗುರೂಜಿಗಳು, ಬಸ್ಸಿನವರು, ಹೋಟೆಲಿನವರು ಬಂದರು. ಅವರನ್ನು ನಂಬಿಕೊಂಡು ಕರಜಗಿ, ಉಮದಿ ಕಡೆಯಿಂದ ದರ್ಜಿಗಳು, ಬಡಿಗೇರರು, ಕೂಲಿಯವರು ಬಂದರು. ಅಗಸಿಯ ಒಳಗೆ ಒಂದು ಖೋಲಿಯೂ ಖಾಲಿ ಉಳಿಯಲಿಲ್ಲ. ದನದ ಕೊಟ್ಟಿಗೆಗಳನ್ನು ಸಾರಿಸಿ ಬಾಡಿಗೆಗೆ ಕೊಡುವ ಕಾಲ ಬಂತು. ಸಾಂಗಲಿ, ಸೊಲ್ಲಾಪುರ ನೋಡಿಬಂದಿದ್ದ ಕಾಕಾ, ನಮ್ಮ ಊರೂ ಹಾಗೇ ಬೆಳೆಯುತ್ತದೆ ಅಂತ ಊಟಕ್ಕೆ ಕುಳಿತಾಗೆಲ್ಲ ಹೇಳುತ್ತಿದ್ದ. ಒಂದು ಸುಗ್ಗಿ ಮುಗಿದ ಮೇಲೆ ಹಳ್ಳದ ಪಟ್ಟಿಯಲ್ಲಿ ಹಗ್ಗ ಹಿಡಿದು ಅಳೆಸಿದ, ಸುಣ್ಣ ಬಳಿದ ಕಲ್ಲು ನಿಲ್ಲಿಸಿದ. ಆ ವರ್ಷ ಅಲ್ಲಿ ಬಿತ್ತಲಿಲ್ಲ. ಅರ್ಧ ಹೊಲ ಅಪ್ಪನ ಪಾಲಿನದು. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಆ ಬಿಳಿ ಕಲ್ಲುಗಳನ್ನು ನೋಡಿ ಒಳಗೆ ಹೋದಳು.

ಜನ ಅದಕ್ಕೆ ಪ್ಲಾಟು ಅಂದರು. ಒಂದು ಮಳೆಗಾಲ ಕಳೆಯುವುದರೊಳಗೆ ಮಣ್ಣಿನ ಗೋಡೆ, ತಗಡಿನ ಚಪ್ಪರದ ಮನೆಗಳು ಒಂದಕ್ಕೊಂದು ಆತುಕೊಂಡು ಎದ್ದವು. ಎರಡು ಮನೆಗಳ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟೂ ಜಾಗ ಬಿಟ್ಟಿರಲಿಲ್ಲ. ಹಳ್ಳಕ್ಕೆ ತೀರ ಹತ್ತಿರದ ಮನೆಗೆ ಉಮದಿಯಿಂದ ದಸ್ತಗೀರಸಾಬ ಬಂದ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅವನ ಹೆಂಡತಿ ಹುಸೇನಬಿ, ಮಗಳು ರಾಬಿಯಾ, ಆಗಷ್ಟೇ ಹೆಜ್ಜೆ ಹಾಕುತ್ತಿದ್ದ ಮಗ ಲಾಲ್ಯಾ. ರಾಬಿಯಾ ನನ್ನ ಓರಗೆಯವಳು. ತಿದಿ ಒತ್ತುವುದು ಅವಳ ಕೆಲಸ. ಕಾದ ಪಾತ್ರೆಗೆ ಅವಳ ಅಬ್ಬಾ ನವಸಾಗರದ ಪುಡಿ ಎರಚಿ ಅರಿವೆಯಿಂದ ಒರೆಸಿದರೆ ಬಿಳಿ ಹೊಗೆ ಏಳುತ್ತಿತ್ತು, ಮೂಗಿನ ಒಳಗೆಲ್ಲ ಚುರುಚುರು. ಹೊಗೆ ಸರಿದಾಗ ಪಾತ್ರೆಯ ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅದನ್ನು ನೋಡಲೆಂದೇ ಹಳ್ಳ ದಾಟಿ ಹೋಗುತ್ತಿದ್ದೆ. ಹುಸೇನಬಿ ಸಜ್ಜಿ ರೊಟ್ಟಿಗೆ ಉಳ್ಳಾಗಡ್ಡಿ, ಖಾರ ಇಟ್ಟು ಕೊಡುತ್ತಿದ್ದಳು. ಅವ್ವನಿಗೆ ಅವಳು ಗೌರಕ್ಕ ಅನ್ನುತ್ತಿದ್ದಳು. ರಾಬಿಯಾ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು.

ಹೊಸ ಮನೆಗಳೆಲ್ಲದರ ಬಚ್ಚಲ ನೀರು ಹಳ್ಳಕ್ಕೇ ಹರಿಯುತ್ತಿತ್ತು, ಹರಿಯಲು ಬೇರೆ ದಾರಿಯೇ ಇರಲಿಲ್ಲ. ಮೊದಲು ಹೊಲಕ್ಕೆ ಹೋಗುತ್ತಿದ್ದ ಜನ ಈಗ ಹೊಲವೇ ಇಲ್ಲದ್ದಕ್ಕೆ ಹಳ್ಳದ ಉಸುಕಿನಲ್ಲೇ ಗುಂಡಿ ತೋಡಿ, ತಟ್ಟಿ ಕಟ್ಟಿಕೊಂಡರು. ಅವೆಲ್ಲ ಬಾವಿಗಿಂತ ಮೇಲಿನ ದಿಕ್ಕಿಗೆ ಇದ್ದವು. ಅದನ್ನು ಯಾರೂ ಯೋಚಿಸಲಿಲ್ಲ. ನಾವು ಗಜಗ ಆಡುತ್ತಿದ್ದ ಕಡೆ ಉಸುಕು ಕಪ್ಪಾಯಿತು. ತೋಡಿದರೆ ನಾತ ಬರುತ್ತಿತ್ತು. ನಾವು ಆಟದ ಜಾಗ ಬದಲಿಸಿದೆವು.

ಮರು ಬೇಸಿಗೆಯ ಹೊತ್ತಿಗೆ ಬಾವಿಯ ಕಟ್ಟೆಯಲ್ಲಿ ಜಗಳ ದಿನನಿತ್ಯದ್ದಾಯಿತು. ನೀರು ತಳಕ್ಕಿಳಿದಿತ್ತು, ಕೊಡಗಳು ಹೆಚ್ಚಾಗಿದ್ದವು. ಅಗಸಿಯ ಒಳಗಿನ ಹೆಂಗಸರು ತಮ್ಮ ಕೊಡ ಮೊದಲು ಅನ್ನುತ್ತಿದ್ದರು. ಪ್ಲಾಟಿನವರು ಅನ್ನುವ ಮಾತೇ ಬೈಗುಳದಂತೆ ಕೇಳಿಸತೊಡಗಿತು. ಆಗಲೇ ಪ್ಲಾಟಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಮೊದಲು ಗೋಡೆ ಕಟ್ಟುವ ಒಬ್ಬ ಗೌಂಡಿ, ಆಮೇಲೆ ಒಬ್ಬ ಕಾರಕೂನನ ಹೆಂಡತಿ. ಸುದ್ದಿ ಅಗಸಿಯ ಒಳಗೆ ಬಂದ ದಿನವೇ ಪಂಚರು ಬಾವಿಯ ಕಟ್ಟೆಯ ಮೇಲೆ ಕೂತರು. ಕಾಕಾನೂ ಅವರಲ್ಲಿ ಒಬ್ಬ. ಬ್ಯಾನಿ ಆಚೆ ಇದೆ, ಅದು ಈಚೆ ಬರಬಾರದು, ಅದಕ್ಕೆ ಆಚೆಯ ಕೊಡ ಈ ಬಾವಿಗೆ ಇಳಿಯಬಾರದು ಅಂತ ಮಾತಾಯಿತು. ಬಜಾರದ ಅಗಸಿಗೆ ಇಬ್ಬರು ಕಾವಲು ಕೂತರು. ಹಳ್ಳದ ಅಗಸಿಗೆ ಜಾಲಿಕಂಟಿ ಕಡಿದು ತಂದು, ಎದೆಯೆತ್ತರಕ್ಕೆ ಒಟ್ಟಿ, ಅಲ್ಲಿಗೂ ಒಬ್ಬ ಕಾವಲಿನವನನ್ನು ಕೂರಿಸಿದರು. ಬೆರಳುದ್ದದ ಬಿಳಿ ಮುಳ್ಳುಗಳು. ಹಸಿ ಜಾಲಿಯ ಒಗರು ವಾಸನೆ ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು.

ಪ್ಲಾಟಿನವರು ಏನು ಮಾಡಬೇಕು? ಹಳ್ಳದ ಉಸುಕಿನಲ್ಲೇ ವರತಿ ತೋಡಿ ಕುಡಿದರು. ಪಕ್ಕದಲ್ಲೇ ಅವರ ಗುಂಡಿಗಳಿದ್ದವು. ಬ್ಯಾನಿ ಮನೆಯಿಂದ ಮನೆಗೆ ಹೋಯಿತು.

ಒಂದು ಮುಂಜಾನೆ ಅವ್ವ ರೊಟ್ಟಿ ಮಾಡುತ್ತಿದ್ದಳು, ನಾನು ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದೆ. ಹಿತ್ತಲಲ್ಲಿ ಮೇವಿನ ಬಣವಿಯ ಹಿಂದೆ ಸದ್ದಾಯಿತು. ನೋಡಿದರೆ ರಾಬಿಯಾ. ನಮ್ಮ ದನದ ಕೊಟ್ಟಿಗೆಯ ಗೋಡೆ ಹತ್ತಿ ಇಳಿದು ಬಂದಿದ್ದಳು. ಮೊಣಕಾಲು ತರಚಿತ್ತು, ಕೈಯಲ್ಲಿ ಖಾಲಿ ತಂಬಗಿ. ಒಳಗೆ ಬಾ ಅಂದರೆ ಬರಲಿಲ್ಲ.

“ಅಮ್ಮಾಗ ಎದ್ದ ನಿಲ್ಲಾಕ ಆಗವಲ್ದು ಮಾವಶಿ,” ಅಂದಳು. “ಲಾಲ್ಯಾ ಕಣ್ಣ ತಗೀವಲ್ಲ. ಅಬ್ಬಾ ಉಮದಿಗಿ ಹೋಗ್ಯಾನ, ಇನ್ನಾ ಬಂದಿಲ್ಲ.”

ಅವ್ವ ಅವಳ ತಂಬಗಿಗೆ ನೀರು ತುಂಬಿದಳು. ಮನೆಯಲ್ಲಿ ಇದ್ದದ್ದೇ ಅಷ್ಟು. ನಡಿ, ನಿನ್ನ ಹಿಂದೆಯೇ ಬರ್ತೀನಿ ಅಂತ ಅವಳನ್ನು ಕಳಿಸಿದಳು. ಆಮೇಲೆ ಒಂದು ಗಂಟಿನಲ್ಲಿ ಜೋಳದ ಹಿಟ್ಟು, ಉಪ್ಪು ಕಟ್ಟಿಕೊಂಡು, ದೊಡ್ಡ ಕೊಡ ಸೊಂಟಕ್ಕಿಟ್ಟು ಮುಂಬಾಗಿಲಿನಿಂದಲೇ ಹೊರಟಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಲೇ ಇಲ್ಲ. ಅದು ಸೀದ ವಾಸನೆ ಬೀದಿಯವರೆಗೂ ನಮ್ಮ ಹಿಂದೆ ಬಂತು. ನಾನು ಹಗ್ಗ ಹಿಡಿದು ಓಡಿದೆ.

ಬಾವಿಯ ಕಟ್ಟೆಯ ಮೇಲೆ ಕಾಕಾ, ಇನ್ನೂ ನಾಲ್ಕಾರು ಗಂಡಸರು ಕೂತಿದ್ದರು. ನೀರಿಗೆ ಬಂದ ಹೆಂಗಸರು ಸಾಲಿನಲ್ಲಿದ್ದರು. ಅವ್ವ ಯಾರನ್ನೂ ನೋಡದೆ ಕೊಡ ಇಳಿಸಿ ಎಳೆದಳು. ಗಡಗಡಿಯದೊಂದೇ ಸದ್ದು. ತುಂಬಿದ ಕೊಡ ಸೊಂಟಕ್ಕಿಟ್ಟು ಅವಳು ಮನೆಯ ಕಡೆ ತಿರುಗದೆ ಅಗಸಿಯ ಕಡೆ ತಿರುಗಿದಾಗ ಎಲ್ಲರಿಗೂ ತಿಳಿಯಿತು.

ಕಾಕಾ ಎದ್ದು ನಿಂತ. ದನಿ ಏರಿಸಲಿಲ್ಲ.

“ವೈನಿ, ನೀರ ಮನೀಗಿ ಒಯ್ರಿ.”

ಅವ್ವ ನಿಂತಳು. ಆದರೆ ತಿರುಗಲಿಲ್ಲ.

“ಆ ಕಡೆ ಹ್ವಾದ್ರ ತಿರುಗಿ ಈ ಕಡೆ ಬರಾಕ ಆಗೂದಿಲ್ಲ,” ಅಂದ ಕಾಕಾ. “ಮನ್ಯಾಗ ಸಣ್ಣ ಹುಡುಗ್ರದಾವ. ನಿಮ್ಮ ಮಗಳೂ ಅದಾಳ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಲ್ಲಿದ್ದ ಹೆಂಗಸರ ಮುಖದ ಮೇಲೂ ಅದೇ ಭಯ ಇತ್ತು. ಅವ್ವ ಆಗ ಇತ್ತ ಮುಖ ಮಾಡಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಹತ್ತು ಜನ ಗಂಡಸರೆದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಅದನ್ನು ಬಿಟ್ಟು ಕೇಳಿದಳು:

“ಜಾಗಾ ಮಾರೂಮುಂದ, ಇಲ್ಲಿ ನೀರ ಸಿಗೂದಿಲ್ಲಂತ ಅವರಿಗಿ ಹೇಳಿದ್ರೇನ್ರಿ?”

ಕಟ್ಟೆಯ ಮೇಲಿನವರು ನೆಲ ನೋಡಿದರು. ಅವ್ವ ನನ್ನ ಹತ್ತಿರ ಬಗ್ಗಿ, ನೀ ಕಾಕಾನ ಹಂತ್ಯಾಕ ಇರು ಅಂದಳು. ನಾನು ಅವಳ ಸೀರೆ ಹಿಡಿದುಕೊಂಡೆ. ನನ್ನ ಬೆರಳುಗಳನ್ನು ಬಿಡಿಸುತ್ತ ಅವಳು ಸಣ್ಣ ದನಿಯಲ್ಲಿ ಹೇಳಿದಳು, “ನಿಮ್ಮಪ್ಪ ನೀರ ಕೇಳಿ ಕೇಳಿ ಜೀವಾ ಬಿಟ್ಟ, ಶಾಂತಾ. ಕೊಡಬ್ಯಾಡ ಅಂದ್ರು. ನಾ ಕೊಡಲಿಲ್ಲ.”

ವಾಂತಿಭೇದಿಯಾದವರಿಗೆ ನೀರು ಕೊಟ್ಟರೆ ಬ್ಯಾನಿ ಏರುತ್ತದೆ ಅಂತ ಆ ಕಾಲದಲ್ಲಿ ಬಹಳ ಜನ ನಂಬಿದ್ದರು. ಅಪ್ಪನ ಹಾಸಿಗೆಯ ಪಕ್ಕ ಕೂತು ಹಿರಿಯರು ಹಾಗೆ ಅಂದಾಗ ಕಾಕಾನೂ ಅಲ್ಲೇ ಇದ್ದನಂತೆ. ಅದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಅವತ್ತು ನಾನು ನೋಡಿದ್ದು ಇಷ್ಟೆ: ಅವ್ವ ಅಗಸಿಗೆ ಹೋದಳು, ಕಾವಲಿನವನು ಕಾಕಾನ ಮುಖ ನೋಡಿದ, ಕಾಕಾ ಏನೂ ಅನ್ನದೆ ನಿಂತಿದ್ದನ್ನು ನೋಡಿ ಕೋಲಿನಿಂದ ಒಂದು ಕಂಟಿ ಎತ್ತಿದ. ಅವ್ವ ಬಗ್ಗಿ, ನೀರು ಚೆಲ್ಲದಂತೆ ಅದರ ಕೆಳಗೆ ದಾಟಿದಳು. ಕಂಟಿ ಮತ್ತೆ ಕೆಳಗೆ ಬಿತ್ತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಕಾಕಾನ ಹೆಂಡತಿ ಕಾಕಿ ನನಗೆ ಉಣ್ಣಲು ಕೊಡುತ್ತಿದ್ದಳು, ತಲೆ ಹಿಕ್ಕುತ್ತಿದ್ದಳು, ಆದರೆ ಅವಳ ಮಕ್ಕಳನ್ನು ನನ್ನ ಪಕ್ಕ ಮಲಗಿಸುತ್ತಿರಲಿಲ್ಲ. ಕಾಕಾ ತಾಟಿನ ಮುಂದೆ ಕೂತು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದ. ನಾನು ಬೆಳಗಾದರೆ ಅಗಸಿಗೆ ಓಡುತ್ತಿದ್ದೆ. ಮುಳ್ಳಿನ ಆಚೆ ರಾಬಿಯಾ ಬಂದು ನಿಲ್ಲುತ್ತಿದ್ದಳು. ಹತ್ತಿರ ಬರುವಂತಿರಲಿಲ್ಲ, ಅವಳು ಹಳ್ಳದ ದಂಡೆಯಿಂದಲೇ ಕೂಗಿ ಹೇಳುತ್ತಿದ್ದಳು, ನಾನು ಕಂಟಿಯ ಸಂದಿಯಿಂದ ಕೇಳುತ್ತಿದ್ದೆ.

ಮೊದಲ ಮುಂಜಾನೆಯೇ ಅವಳು, “ಲಾಲ್ಯಾ ಹ್ವಾದ,” ಅಂತ ಕೂಗಿದಳು. ಅಳಲಿಲ್ಲ. ಪೇಟೆಯಿಂದ ಏನು ತರಬೇಕು ಅಂತ ಹೇಳುವವಳ ಹಾಗೆ ಹೇಳಿದಳು. “ನಿಮ್ಮವ್ವ ಅಮ್ಮಾಗ ಗಂಜಿ ಕುಡಸಾಕತ್ಯಾಳ.”

ನಾನು ಹೂಂ ಅಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಹಿಂದೆ ತಿರುಗಿದರೆ ಕಾಕಾ ನಿಂತಿದ್ದ. ನನ್ನನ್ನು ಗದರಿಸಲಿಲ್ಲ. ಕಾವಲಿನವನ ಕಡೆ ಕೂಡ ನೋಡದೆ ಬಜಾರದ ದಾರಿ ಹಿಡಿದ.

ಅವ್ವ ಒಯ್ದದ್ದು ಒಂದೇ ಕೊಡ ನೀರು. ಅದು ಮುಗಿದಿರಬೇಕು ಅಂತ ನನಗಿಂತ ಮೊದಲು ಯೋಚಿಸಿದವಳು ಕಾಕಿ. ಒಂದು ಮಧ್ಯಾಹ್ನ ಕಾಕಾ ಮನೆಯಲ್ಲಿ ಇಲ್ಲದಾಗ ಚಿಕ್ಕ ಕೊಡ ತುಂಬಿ ನನ್ನ ಸೊಂಟಕ್ಕೆ ಇಟ್ಟು, ಮುಳ್ಳಿನ ಬುಡಕ್ಕೆ ಇಟ್ಟು ಬಾ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು ಅಂದಳು. ನಾನು ಇಟ್ಟು ದೂರ ನಿಂತೆ. ಅವ್ವ ಆಚೆಯಿಂದ ಬಂದು ಕಂಟಿಯ ಕೆಳಗೆ ಕೈ ಹಾಕಿ ಕೊಡ ಎಳೆದುಕೊಂಡಳು. ತೋಳಿಗೆ ಮುಳ್ಳು ಗೀರಿ ರಕ್ತ ಬಂತು. ಅವಳ ಕಣ್ಣು ಒಳಗೆ ಹೋಗಿದ್ದವು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಉಂಡಿದ್ದೀಯಾ ಅಂತ ಮಾತ್ರ ಕೇಳಿದಳು.

ಮರುದಿನ ಅದೇ ಜಾಗದಲ್ಲಿ ಇನ್ನೊಂದು ಕೊಡ ಇತ್ತು. ಯಾರದೆಂದು ನನಗೆ ಗೊತ್ತಿಲ್ಲ. ಅದರ ಪಕ್ಕ ಮತ್ತೆರಡು ಮಣ್ಣಿನ ಗಡಿಗೆಗಳು. ಹೆಂಗಸರು ಮಾತಾಡಿಕೊಂಡು ಮಾಡಿದ್ದಲ್ಲ. ಬಾವಿಯಿಂದ ಮನೆಗೆ ಹೋಗುವಾಗ ಒಂದು ಕೊಡವನ್ನು ದಾರಿ ತಪ್ಪಿದವರ ಹಾಗೆ ಅಲ್ಲಿ ಇಳಿಸಿ ಹೋಗುತ್ತಿದ್ದರು. ಬಾವಿಯ ಕಟ್ಟೆಯಲ್ಲಿ ಪ್ಲಾಟಿನವರನ್ನು ಬೈದವರೂ ಅದರಲ್ಲಿ ಇದ್ದರು. ಕಾವಲಿನವನು ಬೀಡಿ ಸೇದುತ್ತ ಬೇರೆ ಕಡೆ ನೋಡುತ್ತಿದ್ದ.

ಅಷ್ಟರಲ್ಲಿ ಸರಕಾರಿ ಡಾಕ್ಟರು ಜೀಪಿನಲ್ಲಿ ಬಂದರು. ಎರಡೂ ಕಡೆಯವರನ್ನು ಸಾಲಿನಲ್ಲಿ ನಿಲ್ಲಿಸಿ ಸೂಜಿ ಚುಚ್ಚಿದರು. ಅವತ್ತು ರಾತ್ರಿ ನಾವು ಹುಡುಗರು ತೋಳು ಬಾತುಕೊಂಡು ಜ್ವರ ಬಂದು ಮಲಗಿದೆವು. ಸೂಜಿ ಮುಗಿದೊಡನೆ ಡಾಕ್ಟರು ಬಾವಿಗೆ ಬಂದು, ನೀರು ಎತ್ತಿಸಿ ಮೂಸಿ ನೋಡಿ, ಅಗಸಿಯ ಮುಳ್ಳು ತೆಗೆಸಿ ಹಳ್ಳಕ್ಕೆ ಇಳಿದರು. ಊರಿನವರೆಲ್ಲ ಹಿಂದೆ. ಗುಂಡಿಗಳನ್ನು ನೋಡಿದರು, ಬಚ್ಚಲ ನೀರು ನಿಂತ ಹೊಂಡ ನೋಡಿದರು, ಅಲ್ಲಿಂದ ತಿರುಗಿ ಬಾವಿಯ ದಿಕ್ಕು ನೋಡಿದರು. ಈ ಹೊಲಸು ಉಸುಕಿನೊಳಗೇ ಹರಿದು ನಿಮ್ಮ ಬಾವಿಗೆ ಸೇರುತ್ತಿದೆ, ಮುಳ್ಳು ಹಾಕಿ ಏನು ತಡೆದಿರಿ ಅಂತ ಮರಾಠಿಯಲ್ಲಿ ಕೇಳಿದರು. ಅಗಸಿಯ ಒಳಗಿನ ಮನೆಗಳಲ್ಲೂ ಆಗಲೇ ಇಬ್ಬರು ಅದೇ ಬ್ಯಾನಿಯಿಂದ ಮಲಗಿದ್ದರು. ಕುದಿಸಿದ ನೀರಿನ ಗಂಜಿ ಕುಡಿದ ಹುಸೇನಬಿ ಗೋಡೆಗೆ ಒರಗಿ ಕೂರುವಷ್ಟು ಚೇತರಿಸಿದ್ದಳು.

ಈ ಜಾಗವನ್ನು ಮನೆ ಕಟ್ಟಲು ಮಾರಿದವರು ಯಾರು ಅಂತ ಡಾಕ್ಟರು ಕೇಳಿದರು.

ಅಷ್ಟು ಜನರಲ್ಲಿ ಕಾಕಾನ ಕಡೆ ಯಾರೂ ಬೆರಳು ಮಾಡಲಿಲ್ಲ. ಗುಂಪಿನಲ್ಲಿ ಸುಮ್ಮನಿದ್ದರೆ ಆಗುತ್ತಿತ್ತು. ಕಚೇರಿಯವರ ಜತೆ ಕಾಕಾ ಯಾವಾಗಲೂ ಮರಾಠಿಯಲ್ಲೇ ಮಾತಾಡುವವನು. ಅವತ್ತು ಮುಂದೆ ಬಂದು ಕನ್ನಡದಲ್ಲಿ ಹೇಳಿದ.

“ನಾನ ಮಾರೇನ್ರಿ.”

ಎದುರಿಗೆ ಅವ್ವ ನಿಂತಿದ್ದಳು, ರಾಬಿಯಾ ನಿಂತಿದ್ದಳು. ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನ ತಲೆಯಲ್ಲಿ ಅಷ್ಟು ಬಿಳಿ ಕೂದಲು ಇವೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಬಾವಿಗೆ ಕೆಂಪು ಔಷಧ ಸುರಿದರು. ನೀರು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹಳ್ಳದ ಗುಂಡಿಗಳನ್ನು ಮುಚ್ಚಿಸಿದರು. ಬ್ಯಾನಿ ತಗ್ಗಿದ ಮೇಲೆ ಅವ್ವ ಮನೆಗೆ ಬಂದಳು. ಬಾಗಿಲಲ್ಲಿ ಕಾಕಾ ಇದ್ದ. ಅವಳು ಅಂಗಳದಲ್ಲೇ ನಿಂತಳು. ಅವನು ಪಕ್ಕಕ್ಕೆ ಸರಿದು, “ಒಳಗ ಬರ್ರಿ ವೈನಿ,” ಅಂದ. ಇಷ್ಟೇ. ಅವ್ವ ಸ್ನಾನ ಮಾಡಿ ಒಲೆಯ ಮುಂದೆ ಕೂತು ಹಿಟ್ಟು ನಾದಿದಳು. ಆ ಮಳೆಗಾಲ ಮುಗಿಯುವವರೆಗೂ ಅವರಿಬ್ಬರ ನಡುವೆ ಬೇರೆ ಮಾತಾದದ್ದು ನನಗೆ ನೆನಪಿಲ್ಲ.

ಪಟ್ಟಿಯ ಎತ್ತರದ ಕಡೆ ಕಾಕಾ ತನ್ನ ಹೊಸ ಮನೆಗೆಂದು ಒಂದು ಜಾಗ ಉಳಿಸಿಕೊಂಡಿದ್ದ. ಅಲ್ಲಿ ಮನೆ ಕಟ್ಟಲಿಲ್ಲ. ಪ್ಲಾಟಿನವರಿಗಾಗಿ ಬಾವಿ ತೋಡಿಸಿದ. ಕಲ್ಲು ಒಡೆದು ಒಡೆದು ಕೊನೆಗೆ ನೀರು ಬಂತು, ಸವಳು ನೀರು. ಆಚೆಯವರೂ ಈಚೆಯವರೂ ಅದನ್ನೇ ಕುಡಿದೆವು. ಬೇಳೆ ಬೇಯದೆ ಗಟ್ಟಿ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತಿತ್ತು. ಸೀನೀರ ಬಾವಿಯ ನೀರು ಮತ್ತೆ ಯಾವತ್ತೂ ಕುಡಿಯುವ ಹಾಗೆ ಆಗಲಿಲ್ಲ. ಮೊದಲು ಅರಿವೆ ಒಗೆದರು, ಆಮೇಲೆ ದನ ತೊಳೆದರು, ಕೊನೆಗೆ ಅದರಲ್ಲಿ ಕಸ ಬಿತ್ತು.

ದಸ್ತಗೀರಸಾಬ ಉಮದಿಯಿಂದ ಬಂದಾಗ ಅವನಿಗೆ ಮಗನ ಮುಖವೂ ನೋಡಲು ಸಿಗಲಿಲ್ಲ. ಆ ಮನೆಯಲ್ಲಿ ಇರಲು ಅವನಿಗೆ ಮನಸ್ಸಾಗಲಿಲ್ಲ. ದೀಪಾವಳಿಗೆ ಮೊದಲೇ ಭಟ್ಟಿ ಕಿತ್ತು, ತಿದಿ ಸುತ್ತಿಕೊಂಡು ವಿಜಾಪುರದ ಬಸ್ಸು ಹತ್ತಿದರು. ಹುಸೇನಬಿ ಅವ್ವನ ಎರಡೂ ಕೈ ಹಿಡಿದು ಬಹಳ ಹೊತ್ತು ನಿಂತಿದ್ದಳು. ರಾಬಿಯಾ ಕಿಡಕಿಯ ಪಕ್ಕ ಕೂತಿದ್ದಳು. ಮುಂದೆ ಅವಳನ್ನು ನಾನು ನೋಡಲಿಲ್ಲ. ವಿಜಾಪುರದಲ್ಲಿ ಎಷ್ಟು ಸಲ ಇಳಿದಿದ್ದೇನೆ, ಕಲಾಯಿಯ ಅಂಗಡಿ ಕಂಡಲ್ಲೆಲ್ಲ ನಿಂತು ಕೇಳಿದ್ದೇನೆ. ಈಗ ಆ ಅಂಗಡಿಗಳೂ ಇಲ್ಲ.

ಹೋದ ವರ್ಷ ಕಾಕಾನ ಮೊಮ್ಮಗನ ಮನೆಯ ಕಾರ್ಯಕ್ಕೆ ಜತ್ತಕ್ಕೆ ಹೋಗಿದ್ದೆ. ಊರಿನ ಕೊನೆಯ ಮನೆ ಯಾವುದು ಅಂತ ಈಗ ಯಾರೂ ಹೇಳಲಾರರು. ಅಗಸಿ ಬಿದ್ದು ಎಷ್ಟೋ ಕಾಲವಾಯಿತು. ಹಳ್ಳದ ಮೇಲೆ ಕಾಂಕ್ರೀಟಿನ ಮುಚ್ಚಳ ಹಾಕಿ ರಸ್ತೆ ಮಾಡಿದ್ದಾರೆ, ಕೆಳಗೆ ಊರಿನ ಗಟಾರ ಹರಿಯುತ್ತದೆ. ಸೀತನಿಯ ಹೊಗೆ ಏಳುತ್ತಿದ್ದ ಕಡೆ ಮನೆಗೊಂದು ಬೋರು, ಬೋರಿಗೊಂದು ಬೀಗ. ಒಂದು ಮನೆಯಲ್ಲಿ ಬ್ಯಾನಿಯಾದರೆ ಪಕ್ಕದ ಮನೆಗೆ ಅದು ತಿಳಿಯುವುದೂ ಕಷ್ಟ; ಕೊಡ ಇಳಿಸಿ ಹೋಗುವ ಮಾತು ದೂರವೇ ಉಳಿಯಿತು.

ತಿರುಗಿ ಬರುವಾಗ ಊರ ಹೊರಗೆ ಇನ್ನೊಂದು ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ಕಂಡೆ. ಕಾರು ನಿಲ್ಲಿಸಲು ಹೇಳಿ ಇಳಿದೆ. ಮಳೆಯ ನೀರು ಹರಿದ ಗುರುತು ಹೊಲದ ನಟ್ಟನಡುವೆ ಸ್ಪಷ್ಟವಾಗಿತ್ತು, ಕಲ್ಲುಗಳನ್ನು ಅದರ ಮೇಲೇ ನೆಟ್ಟಿದ್ದರು. ಇಲ್ಲಿ ಮನೆ ಕಟ್ಟಿದವರ ನೀರು ಎಲ್ಲಿಗೆ ಹೋಗಬೇಕು ಅಂತ ಕೇಳಬೇಕೆನಿಸಿ ಸುತ್ತ ನೋಡಿದೆ. ಯಾರೂ ಇರಲಿಲ್ಲ. ಒಂದು ದೊಡ್ಡ ಬೋರ್ಡು ಇತ್ತು. ಕನ್ನಡಕ ಒರೆಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆ. ಪ್ಲಾಟುಗಳು ಮಾರಾಟಕ್ಕಿವೆ ಅಂತ ಇತ್ತು, ಕೆಳಗೆ ಒಂದು ಫೋನ್ ನಂಬರು ಇತ್ತು. ಮಾರುವವರ ಹೆಸರು ಎಲ್ಲಿಯೂ ಇರಲಿಲ್ಲ.